ನಮ್ಮಿಬ್ಬರ ಮೀಸೆಯ ಮಾತು

ಬೆಳ್ಳೂರು
14 ಜುಲೈ 2024

ಅಮ್ಮ,

ವಾರಕ್ಕೊಂದು ಸಲ ಆಫೀಸಿನ ಫೋನಿನಲ್ಲಿ ಮಾತಾಡುತ್ತೇವಲ್ಲ, ಅದನ್ನು ಮಾತು ಅಂತ ಹೇಗೆ ಕರೆಯುವುದು ಹೇಳು. ಎದುರಿಗೆ ವಾರ್ಡನ್ ವನಮಾಲಾ ಮೇಡಂ, ಬೆನ್ನ ಹಿಂದೆ ಹುಡುಗಿಯರ ಕ್ಯೂ. ನಾನು "ಊಟ ಆಯ್ತು" ಅನ್ನುವುದು, ನೀನು "ಚೆನ್ನಾಗಿ ಓದ್ಕೊ" ಅನ್ನುವುದು, ಇಟ್ಟುಬಿಡುವುದು. ಹಾಸ್ಟೆಲಿನಲ್ಲಿ ಮೊಬೈಲು ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ಈ ಕಾಗದ. ಮನೆಗೆ ಬೇಡವೆಂದು ಡೈರಿಯ ವಿಳಾಸ ಹಾಕಿದ್ದೇನೆ. "ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಂಘ, ಗೋವಿಂದನಹಳ್ಳಿ" ಅಂತಿದ್ದರೆ ಅಪ್ಪ ಮುಟ್ಟುವುದಿಲ್ಲ.

ಸೆಕೆಂಡ್ ಪಿಯು ಪಾಠಗಳು ಜೋರಾಗಿ ನಡೆಯುತ್ತಿವೆ. ಸಾರು ನೀರು, ಮುದ್ದೆ ಪರವಾಗಿಲ್ಲ. ಕಬಡ್ಡಿ ಟೀಮಿಗೆ ನನ್ನ ಹೆಸರು ಬರೆದಿದ್ದರು, ಬೇಡ ಅಂದೆ. ಪಿ.ಟಿ. ಸರ್ ನಂಬಲಿಲ್ಲ. "ಹೋದ್ವರ್ಸ ರೈಡ್ ಮಾಡಿ ಗೆಲ್ಸಿದ್ದು ನೀನೇ ಅಲ್ವೇನವ್ವ? ಈಗೇನಾಯ್ತು?" ಎಂದು ಕೇಳಿದರು. ಓದಬೇಕು ಸರ್ ಅಂದೆ. ಈ ಸಲ ಹೊಸ ಜೆರ್ಸಿ ಬಂದಿದೆ. ತೋಳಿಲ್ಲ, ಚಡ್ಡಿ ಮೊಣಕಾಲಿಗಿಂತ ಮೇಲೆ. ಅದು ಕಾರಣವಲ್ಲ, ಸುಮ್ಮನೆ ಹೇಳಿದೆ.

ಉದ್ದ ತೋಳಿನ ಚೂಡಿದಾರ ಒಂದೆರಡು ಕಳಿಸು. ಸೆಖೆಯಾದರೂ ಪರವಾಗಿಲ್ಲ.

ಹೋದ ಬೇಸಿಗೆಯಲ್ಲಿ ಪಾರ್ಲರಿಗೆ ಹೋಗಿಬರಲಾ ಅಂತ ಒಂದು ಸಲ ಕೇಳಿದ್ದೆ. "ಕಡ್ಲೆಹಿಟ್ಟು ಹಚ್ಕೊ" ಅಂದು ನೀನು ಹಾಲಿನ ಕ್ಯಾನು ಎತ್ತಿಕೊಂಡು ಹೊರಟೆ. ಮತ್ತೆ ಕೇಳುವುದಿಲ್ಲ. ಇವತ್ತು ಯಾಕೋ ನೆನಪಾಯಿತು.

ನಿನ್ನ
ಶ್ವೇತ


ಗೋವಿಂದನಹಳ್ಳಿ
20 ಜುಲೈ 2024

ಶ್ವೇತ,

ಪೋಸ್ಟಿನವನು ಡೈರಿಗೇ ತಂದುಕೊಟ್ಟ. ಕ್ಯಾನು ತೊಳೆಸುತ್ತಿದ್ದವಳು ಒದ್ದೆ ಕೈಯಲ್ಲೇ ಒಡೆದೆ. ಅಲ್ಲಲ್ಲಿ ಅಕ್ಷರ ಕದಡಿತು, ಆದರೂ ಓದಲಿಕ್ಕೆ ಬಂತು.

ಕರಿ ಹಸು ಹೆಣ್ಣು ಕರು ಹಾಕಿದೆ. ನಿಮ್ಮಜ್ಜಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದರು. ನಿನ್ನ ಪಾಲನ್ನು ಕಿಶನ್ ತಿಂದ. ತಂಗಿ ನೆನಪಲ್ಲಿ ತಿಂದೆ ಅಂತ ಹೇಳಿದ್ದಾನೆ.

ಈಗ ನಿನ್ನ ವಿಷಯ. ಹಾಲಿಗೆ ನೀರು ಬೆರೆಸಿ ತಂದವರನ್ನು ನಾನು ಯಂತ್ರಕ್ಕೆ ಹಾಕುವ ಮೊದಲೇ ಹೇಳಬಲ್ಲೆ, ಅವರು ಕ್ಯಾನನ್ನು ನನ್ನ ಕೈಗೆ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ. ನಿನ್ನ ಕಾಗದದಲ್ಲೂ ನೀರಿದೆ. ಓದಿಗಾಗಿ ಕಬಡ್ಡಿ ಬಿಡುವ ಹುಡುಗಿ ನೀನಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ಸಂಜೆ ಕಣದಲ್ಲಿ ಗಂಡುಹುಡುಗರ ಜೊತೆ ಆಡಿ ಮಂಡಿ ಕೆತ್ತಿಸಿಕೊಂಡು ಬಂದವಳು.

ಚೂಡಿದಾರ ಕಳಿಸುವುದಿಲ್ಲ. ಯಾಕೆ ಬೇಕು ಅಂತ ಮೊದಲು ಬರೆ. ಆಗಸ್ಟಿನ ಮೊದಲ ಭಾನುವಾರ ಹೆತ್ತವರನ್ನು ಒಳಗೆ ಬಿಡುತ್ತಾರಂತೆ. ಬರುತ್ತೇನೆ.

ಅಮ್ಮ


ಬೆಳ್ಳೂರು
28 ಜುಲೈ 2024

ಅಮ್ಮ,

ಈ ಸಲ ಬರಬೇಡ. ಟೆಸ್ಟ್ ಇದೆ. ಕಿಕ್ಕೇರಿಗೆ ಬಂದು, ಕೆ.ಆರ್. ಪೇಟೆಯಲ್ಲಿ ಇಳಿದು, ನಾಗಮಂಗಲದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು. ಅಷ್ಟು ದೂರ ಬಂದು ಅರ್ಧ ಗಂಟೆ ನನ್ನನ್ನು ನೋಡಿ ಹೋಗುವುದರಲ್ಲಿ ಅರ್ಥವಿಲ್ಲ. ದಸರಾ ರಜೆಗೆ ನಾನೇ ಬರುತ್ತೇನೆ.

ಮುಖಕ್ಕೆ ಸ್ವಲ್ಪ ಅಲರ್ಜಿಯಾಗಿದೆ. ಧೂಳಿಗೆ ಇರಬೇಕು. ಹೋಗುತ್ತದೆ.

ಶ್ವೇತ


ಗೋವಿಂದನಹಳ್ಳಿ
7 ಆಗಸ್ಟ್ 2024

ಶ್ವೇತ,

ಬರಬೇಡ ಅಂದ ಮೇಲೆ ಬರದೇ ಇರುತ್ತೇನೆಯೇ? ಭಾನುವಾರ ನಡೆದದ್ದು ನಿನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ. ಡಾಕ್ಟರು ಮಾತಾಡುವಾಗ ನೀನು ಅಳುತ್ತಿದ್ದೆ, ಅರ್ಧ ಕೇಳಿಸಿರಲಿಕ್ಕಿಲ್ಲ.

ನೀನು ಗೇಟಿನ ಹತ್ತಿರ ದುಪಟ್ಟಾವನ್ನು ಬಾಯಿಗೆ ಸುತ್ತಿಕೊಂಡು ನಿಂತಿದ್ದೆ. ನಾನು "ತಗಿ ಅದ್ನ" ಅಂದೆ. ತೆಗೆಯಲಿಲ್ಲ. ನಾನೇ ತೆಗೆದೆ. ಮೇಲ್ತುಟಿಯ ಮೇಲಿಂದ ಗದ್ದದವರೆಗೆ ಚರ್ಮ ಸುಲಿದು ಕೆಂಪಾಗಿತ್ತು, ಕೆಲವು ಕಡೆ ನೀರು ಜಿನುಗುತ್ತಿತ್ತು. ಧೂಳಿಗೆ ಇಂಗಾಯ್ತದಾ ಅಂತ ಕೇಳಿದ್ದಕ್ಕೆ ನೀನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ನಾನೂ ಕೂತೆ. ಆಮೇಲೆ ನೀನು ನಿಧಾನವಾಗಿ ಹೇಳಿದೆ. ಕೈಕಾಲಿಗೆ ಹಚ್ಚುವ ಕೂದಲು ತೆಗೆಯುವ ಕ್ರೀಮನ್ನು ಮುಖಕ್ಕೆ ಹಚ್ಚಿದ್ದು, ಬೇಗ ಹೋಗಲಿಲ್ಲವೆಂದು ಉರಿಯುತ್ತಿದ್ದರೂ ಹಾಗೇ ಬಿಟ್ಟಿದ್ದು, ತೊಳೆದ ಮೇಲೆ ನಿಂಬೆಹಣ್ಣು ಉಜ್ಜಿದ್ದು. ಕೇಳುತ್ತಾ ಕೇಳುತ್ತಾ ನನ್ನ ಮುಖವೇ ಉರಿದಂತಾಯಿತು.

ಅಲ್ಲಿಂದ ನೇರ ನಿನ್ನನ್ನು ಕರೆದುಕೊಂಡು ಹೋದೆನಲ್ಲ, ನಾಗಮಂಗಲದ ಆ ಚರ್ಮದ ಡಾಕ್ಟರು ಹೇಮಶ್ರೀ ನನಗೆ ಹಿಡಿಸಿದರು. ಬೈಯಲಿಲ್ಲ, ನಗಲಿಲ್ಲ. "ಕೂದಲು ಕಾಯಿಲೆಯಲ್ಲ. ಈ ಗಾಯ ಕಾಯಿಲೆ. ಮೊದಲು ಗಾಯ ವಾಸಿ ಮಾಡೋಣ. ಕೂದಲು ಬೇಕೋ ಬೇಡವೋ ಅದನ್ನು ಆಮೇಲೆ ನೀನೇ ಹೇಳು" ಎಂದರು. ಪೂರ್ತಿ ವಾಸಿಯಾಗುವವರೆಗೆ ಆ ಜಾಗಕ್ಕೆ ಕ್ರೀಮು, ದಾರ, ವ್ಯಾಕ್ಸು ಏನೂ ಬೇಡ. ನಿಂಬೆ, ಅರಿಶಿನ, ಟೂತ್‌ಪೇಸ್ಟು ಕೂಡ ಬೇಡ. ಅವರು ಕೊಟ್ಟ ಮುಲಾಮು ಮಾತ್ರ. ಬಿಸಿಲಿಗೆ ಹೋಗುವಾಗ ಕೊಡೆ ಹಿಡಿ, ಇಲ್ಲದಿದ್ದರೆ ಕಪ್ಪು ಕಲೆ ನಿಲ್ಲುತ್ತದೆ. ಮುಟ್ಟು ತಿಂಗಳು ತಪ್ಪುತ್ತದೆ ಅಂದೆಯಲ್ಲ, ಅದಕ್ಕೆ ರಕ್ತ ಪರೀಕ್ಷೆಗೆ ಬರೆದಿದ್ದಾರೆ. ವರದಿ ನಾನೇ ಹೋಗಿ ತರುತ್ತೇನೆ.

ಆಮೇಲೆ ಅವರು "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಅಂತ ಕೇಳಿದರು. ನೀನು ಇಲ್ಲ ಅಂತ ತಲೆ ಆಡಿಸಿದೆ. "ನಂಗೈತೆ ಮೇಡಂ" ಅಂತ ನಾನು ಗದ್ದ ಎತ್ತಿ ಲೈಟಿಗೆ ಹಿಡಿದೆ. ಆಗ ನೀನು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸಬಳೊಬ್ಬಳನ್ನು ನೋಡಿದ ಹಾಗೆ.

ಹೌದು ಕಣಮ್ಮಿ. ನನಗೂ ನಿನ್ನ ವಯಸ್ಸಿನಲ್ಲೇ ಶುರುವಾದದ್ದು. ಯಾರೂ ಏಳುವ ಮೊದಲು ಬಚ್ಚಲಿಗೆ ಹೋಗಿ ನಿಮ್ಮಪ್ಪನ ರೇಜರಿನಲ್ಲಿ ತೆಗೆದು, ತೊಳೆದು, ಇದ್ದ ಜಾಗದಲ್ಲೇ ಇಡುತ್ತೇನೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಇದನ್ನು ಬಾಯಿಬಿಟ್ಟು ಹೇಳಬಹುದು ಅಂತ ಈ ಭಾನುವಾರದವರೆಗೂ ಹೊಳೆದಿರಲಿಲ್ಲ.

ಅಮ್ಮ


ಬೆಳ್ಳೂರು
18 ಆಗಸ್ಟ್ 2024

ಅಮ್ಮ,

ಗಾಯ ಒಣಗಿದೆ. ಹೊಸ ಚರ್ಮ ತಿಳಿ ಗುಲಾಬಿ ಬಣ್ಣಕ್ಕೆ ಬಂದಿದೆ. ಕೊಡೆ ಹಿಡಿದುಕೊಂಡೇ ಕ್ಲಾಸಿಗೆ ಹೋಗುತ್ತೇನೆ. ಎಲ್ಲರೂ "ಮಹಾರಾಣಿ ಬಂದ್ರು" ಅನ್ನುತ್ತಾರೆ. ಅನ್ನಲಿ.

ಯಾಕೆ ಹಾಗೆ ಮಾಡಿಕೊಂಡೆ ಅಂತ ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಜೂನಿನಲ್ಲಿ ಹೊಸಬರ ಸ್ವಾಗತಕ್ಕೆ ಒಂದು ಪ್ರಹಸನ ಮಾಡಿದೆವು. ಅದರಲ್ಲಿ ಒಬ್ಬ ಇನ್ಸ್‌ಪೆಕ್ಟರು. ಆ ಪಾತ್ರ ಯಾರು ಮಾಡಬೇಕು ಅಂತ ಚರ್ಚೆಯಾಗುವಾಗ ನನ್ನ ರೂಮಿನ ಅರ್ಪಿತ, "ಶ್ವೇತನೇ ಮಾಡ್ಲಿ ಬುಡ್ರೆ, ಮೀಸೆ ಅಂಟ್ಸೋ ಕೆಲ್ಸ ಇರಾಕಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾತ್ರವನ್ನೂ ಮಾಡಿದೆ, ಚೆನ್ನಾಗಿಯೇ ಮಾಡಿದೆ, ಚಪ್ಪಾಳೆ ಬಿತ್ತು. ರೂಮಿಗೆ ಬಂದ ಮೇಲೆ ಕನ್ನಡಿ ಬಿಟ್ಟು ಏಳಲಾಗಲಿಲ್ಲ. ಅರ್ಪಿತ ಕೆಟ್ಟವಳಲ್ಲ. ಗಾಯವಾದಾಗ ನನ್ನ ಊಟವನ್ನು ರೂಮಿಗೆ ತಂದುಕೊಟ್ಟವಳು ಅವಳೇ. ಅವಳು ಆ ಮಾತನ್ನು ಅವತ್ತೇ ಮರೆತಳು. ನನಗೆ ಮರೆಯಲು ಆಗಲಿಲ್ಲ, ಅಷ್ಟೇ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಿನ್ನ ಹಾಗೆ ಆಗಬೇಕು, ನಿನ್ನ ಹಾಗೆ ನುಣುಪು ಮುಖ ಇರಬೇಕು ಅಂದುಕೊಂಡಿದ್ದೆ. ಈಗ ನೋಡಿದರೆ ನಾನು ಮೊದಲೇ ನಿನ್ನ ಹಾಗಿದ್ದೇನೆ! ನಗು ಬಂತು, ಆಮೇಲೆ ಸ್ವಲ್ಪ ಅಳುವೂ ಬಂತು.

ಒಂದು ಪ್ರಶ್ನೆ. ಬ್ಲೇಡು ಹಾಕಿದರೆ ದಪ್ಪಗೆ, ಗಂಡಸರ ಹಾಗೆ ಬೆಳೆಯುತ್ತದೆ ಅನ್ನುತ್ತಾರಲ್ಲ, ನಿನಗೆ ಹಾಗಾಯಿತಾ? ನೀನು ಹೇಗೆ ಮಾಡುತ್ತೀಯ ಅಂತ ಸರಿಯಾಗಿ ಬರೆ.

ಪಿ.ಟಿ. ಸರ್ ಹತ್ತಿರ ಹೋಗಿ ಆಡುತ್ತೇನೆ ಅಂದೆ. "ಓದು?" ಅಂದರು. ಅದನ್ನೂ ಮಾಡ್ತೀನಿ ಸರ್ ಅಂದೆ.

ಶ್ವೇತ


ಗೋವಿಂದನಹಳ್ಳಿ
1 ಸೆಪ್ಟೆಂಬರ್ 2024

ಶ್ವೇತ,

ವರದಿ ತಂದೆ. ಥೈರಾಯ್ಡ್ ಸರಿ ಇದೆ. ಹಾರ್ಮೋನು ಸ್ವಲ್ಪ ಏರುಪೇರಾಗಿದೆ. ಹೆದರುವಂಥದ್ದಲ್ಲ, ಬಹಳ ಹುಡುಗಿಯರಿಗೆ ಇರುತ್ತದೆ, ಆದರೆ ನೋಡಿಕೊಳ್ಳಬೇಕು ಅಂದರು. ಊಟ ಹೊತ್ತಿಗೆ ಸರಿಯಾಗಿ, ನಿದ್ದೆ, ಮೈಬೆವರು ಹರಿಯುವ ಹಾಗೆ ಆಟ. "ಕಬಡ್ಡಿ ಬಿಡಬೇಡ ಅಂತ ನಾನು ಹೇಳಿದೆ ಅಂತ ಹೇಳಿ" ಎಂದು ಎರಡು ಸಲ ಹೇಳಿದರು. ಲೇಸರಿನಲ್ಲಿ ಕೂದಲು ತೆಗೆಸುವ ವಿಷಯವೂ ಕೇಳಿದೆ. ಅದು ಒಂದು ದಿನದ ಕೆಲಸವಲ್ಲ, ಹಲವು ಸಲ ಹೋಗಬೇಕು, ಪೂರ್ತಿ ಹೋಗುತ್ತದೆ ಅಂತಲೂ ಇಲ್ಲ. ಮಾಡಿಸುವುದಾದರೆ ಚರ್ಮದ ಡಾಕ್ಟರ ಹತ್ತಿರವೇ, ಸುಟ್ಟ ಜಾಗ ಪೂರ್ತಿ ಮಾಗಿದ ಮೇಲೆ, ಅದೂ ನಿನಗೆ ಬೇಕು ಅನ್ನಿಸಿದರೆ.

ದಪ್ಪ ಬೆಳೆಯುತ್ತದೆ ಅನ್ನುವುದು ಸುಳ್ಳಂತೆ. ರಾಗಿ ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತದಲ್ಲ, ಪೈರು ದಪ್ಪವಾಗಿಲ್ಲ, ತುದಿ ಮೊಂಡಾಗಿದೆ. ಕೂದಲೂ ಹಾಗೇ. ಇದು ಡಾಕ್ಟರು ಹೇಳಿದ್ದಲ್ಲ, ಅವರು ಹೇಳಿದ್ದಕ್ಕೆ ನಾನು ಕೊಟ್ಟ ಹೋಲಿಕೆ. ಅವರಿಗೆ ಖುಷಿಯಾಯಿತು.

ಆದರೆ ನಾನು ಮಾಡುತ್ತಿದ್ದ ರೀತಿ ಕೇಳಿ ಕಣ್ಣು ಅಗಲಿಸಿದರು. ಒಣ ಮುಖಕ್ಕೆ, ಸೋಪಿಲ್ಲದೆ, ಕೆಳಗಿನಿಂದ ಮೇಲಕ್ಕೆ, ಅದೂ ಬೇರೆಯವರ ಬ್ಲೇಡಿನಲ್ಲಿ! ಗದ್ದದ ಕೆಳಗೆ ಗುಳ್ಳೆ ಏಳುವುದು ಅದಕ್ಕೇ ಅಂತೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಮೆತ್ತಗೆ ಎಳೆಯಬೇಕು. ಗಂಡನದ್ದಾಗಲಿ ಮಗಳದ್ದಾಗಲಿ, ಒಬ್ಬರ ಬ್ಲೇಡು ಇನ್ನೊಬ್ಬರು ಮುಟ್ಟಬಾರದು, ರಕ್ತದ ಕಾಯಿಲೆಗಳು ಹರಡುತ್ತವೆ.

ಅಂದಮೇಲೆ ನಿಮ್ಮಪ್ಪನಿಗೆ ಹೇಳಲೇಬೇಕಾಯಿತು. ಬ್ಲೇಡು ಬೇಗ ಮೊಂಡಾಗುತ್ತದೆ ಅಂತ ಅಂಗಡಿ ಕುಳ್ಳಯ್ಯನ ಜೊತೆ ಅವರದ್ದು ಯಾವತ್ತೂ ಜಗಳ ತಾನೆ? "ಡೂಪ್ಲಿಕೇಟ್ ಮಾಲು ಮಾರ್ತೀಯ ಕಣ್ಲಾ ಕುಳ್ಳಯ್ಯ" ಅಂತ ಬೀದಿಯಲ್ಲೇ ಕೂಗಾಡಿದ್ದೂ ಉಂಟು. ಊಟಕ್ಕೆ ಕೂತಾಗ ಹೇಳಿದೆ. ಮುದ್ದೆ ನುಂಗಿದರು, ನೀರು ಕುಡಿದರು.

"ನಂಗೊತ್ತಿತ್ತು ಕಣೆ" ಎಂದರು.

"ಗೊತ್ತಿದ್ದೂ ಕುಳ್ಳಯ್ಯನ್ನ ಬೈದ್ರಾ?"

"ಇನ್ಯಾರ್ನ ಬೈಲಿ? ನಿನ್ನ ಬೈಯಕಾಯ್ತದಾ?"

ಸಿದ್ದರಾಜು ಅನ್ನುವ ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಇಂಥದ್ದೊಂದು ಉತ್ತರ ಅವರಲ್ಲಿದೆ ಅಂತ ಗೊತ್ತಿರಲಿಲ್ಲ. ಮಾರನೇ ದಿನ ಕೆ.ಆರ್. ಪೇಟೆಗೆ ಹೋದವರು ನನಗೆ ಅಂತ ಒಂದು ರೇಜರು ತಂದರು. ಗುಲಾಬಿ ಬಣ್ಣದ್ದು! ನಿಮ್ಮಜ್ಜಿ ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ಕಾಲದಾಗೆ ಬೂದಿ ಉಜ್ಜಿ ಉಜ್ಜಿ ಮಕ ಕಿತ್ತೋಗದು. ಪುಣ್ಯ ಮಾಡಿದ್ರಿ ಬುಡಿ" ಎಂದರು. ನಮ್ಮತ್ತೆ ಮಾದಮ್ಮನವರೂ ಹೀಗೇ ಅಂದರೆ! ಈ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡಿದ್ದೆವು.

ಅಮ್ಮ


ಬೆಳ್ಳೂರು
22 ಸೆಪ್ಟೆಂಬರ್ 2024

ಅಮ್ಮ,

ಈ ವಾರ ಇಲ್ಲಿ ದೊಡ್ಡ ಗಲಾಟೆ. ನನಗೇನೂ ಆಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಾಲೇಜು ಡೇಗೆ ಹುಡುಗಿಯರೆಲ್ಲ ಡ್ಯಾನ್ಸ್ ಕಲಿಯುತ್ತಿದ್ದರು. ಗುರುವಾರ ಸಂಜೆ ನಾನು ಕಬಡ್ಡಿ ಅಭ್ಯಾಸ ಮುಗಿಸಿ ಬಂದರೆ ನಮ್ಮ ರೂಮಿನ ತುಂಬ ಹುಡುಗಿಯರು ಪ್ಯಾಂಟು ಮಡಚಿಕೊಂಡು ಕೂತಿದ್ದಾರೆ. ರಜೆಯಲ್ಲಿ ಯಾವುದೋ ವಿಡಿಯೋ ನೋಡಿ ಬಂದಿದ್ದ ಅರ್ಪಿತ, ಸಕ್ಕರೆ, ನಿಂಬೆರಸ ಹಾಕಿ ನೀರು ಕಾಯಿಸುವ ಕೆಟಲಿನಲ್ಲಿ ಪಾಕ ಮಾಡಿದ್ದಾಳೆ. ವ್ಯಾಕ್ಸ್ ಅಂತೆ. "ನಿಲ್ಸೆ" ಅಂತ ನಾನು ಕೂಗುವಷ್ಟರಲ್ಲಿ ಕುದಿಯುವ ಪಾಕವನ್ನು ಮೊಣಕೈ ಕೆಳಗೆ ಸುರಿದುಕೊಂಡಿದ್ದಳು.

ಆ ಕಿರುಚಾಟ ಕೇಳಬಾರದು ಅಮ್ಮ. ಪಾಕ ಅಂಟಿಕೊಂಡೇ ಸುಡುತ್ತದೆ. ಒಬ್ಬಳು ಅದನ್ನು ಕಿತ್ತು ತೆಗೆಯಲು ಹೋದಳು, ಇನ್ನೊಬ್ಬಳು ಟೂತ್‌ಪೇಸ್ಟ್ ತಂದಳು. ಇಬ್ಬರನ್ನೂ ತಳ್ಳಿ, ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕೈ ಮೇಲೆ ತಣ್ಣೀರು ಬಿಟ್ಟೆ. ನೋವು ಇಳಿಯುವವರೆಗೂ ಬಿಡಲಿಲ್ಲ. ಸಕ್ಕರೆ ತಾನಾಗಿ ಕರಗಿ ಹೋಯಿತು. ಬೊಬ್ಬೆ ಎದ್ದಿದ್ದವು, ಒಡೆಯಲು ಬಿಡಲಿಲ್ಲ. ವಾರ್ಡನ್ ಮೇಡಂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾಗುತ್ತದಂತೆ. ಆ ಗಡಿಬಿಡಿಯಲ್ಲೇ ಅವಳು ನನ್ನ ಕಿವಿಯಲ್ಲಿ, "ನಿನ್ ಗಾಯ ನೋಡಿದ್ಮೇಲೂ ಇಂಗ್ ಮಾಡ್ಕೊಂಡೆ ನೋಡು" ಅಂದಳು. ಅವಳ ತಲೆ ನನ್ನ ಭುಜದ ಮೇಲಿತ್ತು.

ಮಾರನೇ ದಿನ ಪ್ರಿನ್ಸಿಪಾಲರ ಮುಂದೆ ಎಲ್ಲರೂ ನಿಂತೆವು. ಕೆಟಲು, ಕ್ರೀಮು, ಬ್ಲೇಡು, ಕನ್ನಡಿ ಸಹಿತ ಎಲ್ಲ ಜಪ್ತಿ ಮಾಡಿ ಅಂತ ಅವರು ಹೇಳಿದರು. ಯಾರೂ ತಲೆ ಎತ್ತಲಿಲ್ಲ. ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. "ಸರ್, ಎಲ್ಲ ಕಿತ್ಕೊಂಡ್ರೂ ಬಚ್ಚಲ ಕಲ್ಲು ಇರ್ತದೆ. ಅದ್ರಲ್ಲಿ ಉಜ್ಕೊತಾರೆ. ನಮ್ಗೆ ಗೊತ್ತಿಲ್ದೆ ಇಂಗಾಗ್ತದೆ. ಗೊತ್ತಿರೋರು ಬಂದು ಹೇಳ್ಲಿ." ನನ್ನ ಮುಖದಲ್ಲಿ ಸುಟ್ಟ ಜಾಗದಲ್ಲಿ ಉಳಿದ ತಿಳಿ ಕಲೆಯನ್ನೂ ತೋರಿಸಿದೆ. ಮುಚ್ಚಿಕೊಳ್ಳಬೇಕು ಅನ್ನಿಸಲೇ ಇಲ್ಲ.

ಪ್ರಿನ್ಸಿಪಾಲರು ವನಮಾಲಾ ಮೇಡಂ ಮುಖ ನೋಡಿದರು. ಮೇಡಂ ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು, ನಾವು ದುಪಟ್ಟಾ ಜಾರಿಸಿದರೇ ಗದರುವವರು. ನನ್ನನ್ನು ಹೊರಗೆ ಹಾಕಿ ಅನ್ನುತ್ತಾರೆ ಅಂದುಕೊಂಡೆ. "ಹುಡುಗಿ ಹೇಳ್ತಿರೋದು ಸರಿ ಇದೆ ಸರ್. ಡಾಕ್ಟರನ್ನ ಕರೆಸೋಣ" ಅಂದರು. ಆಮೇಲೆ ನನ್ನನ್ನು ಅವರ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ದನಿ ತಗ್ಗಿಸಿ ಕೇಳಿದರು: "ಶೇವ್ ಮಾಡಿದ್ರೆ ದಪ್ಪ ಬರಲ್ಲ ಅನ್ನೋದು ನಿಜಾನಾ?"

ನಿನ್ನ ರಾಗಿ ಕೂಳೆಯ ಕಥೆ ಹೇಳಿದೆ.

ಶನಿವಾರ ಹೇಮಶ್ರೀ ಡಾಕ್ಟರು ಬರುತ್ತಾರೆ. ತಾಯಂದಿರೂ ಬರಬಹುದಂತೆ. ಬಾ.

ಶ್ವೇತ


ಗೋವಿಂದನಹಳ್ಳಿ
25 ಸೆಪ್ಟೆಂಬರ್ 2024

ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಮಾತಾಡು ಗೀತಾಡು ಅಂತ ಹೇಳಬೇಡ. ಹಾಲಿನ ಸಂಘದ ಸಭೆ ಬೇರೆ, ಇದು ಬೇರೆ.

ಅಮ್ಮ


ಬೆಳ್ಳೂರು
29 ಸೆಪ್ಟೆಂಬರ್ 2024

ಅಮ್ಮ,

ಹಿಂದಿನ ಸಾಲಿನಲ್ಲಿ ಕೂರುತ್ತೇನೆ ಅಂದವಳು ನೀನೇ ತಾನೆ?

ನಿನ್ನೆ ನೀನು ಬಸ್ಸು ಹತ್ತಿ ಹೋದ ಮೇಲೆ ಊಟದ ಮನೆಯಲ್ಲಿ ನಿನ್ನ ಮಾತು ಬಿಟ್ಟು ಬೇರೆ ಮಾತಿಲ್ಲ. ಡಾಕ್ಟರು ಎಲ್ಲ ಚೆನ್ನಾಗಿಯೇ ಹೇಳಿದರು. ಕ್ರೀಮು ಹಚ್ಚುವ ಮೊದಲು ಮೊಣಕೈ ಒಳಮಗ್ಗುಲಲ್ಲಿ ಚೂರು ಹಚ್ಚಿ ಒಂದು ದಿನ ಕಾಯಬೇಕು, ಮುಖಕ್ಕೆ ಮುಖದ್ದೇ ಬೇಕು, ಡಬ್ಬಿಯ ಮೇಲೆ ಬರೆದ ಹೊತ್ತಿಗಿಂತ ಹೆಚ್ಚು ಬಿಡಬಾರದು, ಮಚ್ಚೆ ಗಾಯಗಳ ಮೇಲೆ ವ್ಯಾಕ್ಸ್ ಬೇಡ ಅಂತೆಲ್ಲ. ಆದರೆ "ಏನಾದರೂ ಕೇಳುವುದಿದೆಯಾ?" ಅಂದಾಗ ಒಬ್ಬರೂ ಕೈ ಎತ್ತಲಿಲ್ಲ. ಕೇಳಿದರೆ ತನಗೇ ಇದೆ ಅಂತ ಗೊತ್ತಾಗುತ್ತದಲ್ಲ, ಅದಕ್ಕೆ. ನಾನೂ ನೆಲ ನೋಡುತ್ತಿದ್ದೆ.

ಆಗ ಹಿಂದೆ ಕುರ್ಚಿ ಸರಿದ ಸದ್ದು.

"ನಾನು ಅಣ್ಣಮ್ಮ, ಗೋವಿಂದನಹಳ್ಳಿ ಡೈರಿ ಕಾರ್ಯದರ್ಶಿ. ನಂಗೂ ಗಡ್ಡ ಬತ್ತದೆ. ಬೆಳಗಾಗೆದ್ದು ಶೇವ್ ಮಾಡ್ಕೊಂಡೇ ಬಂದಿವ್ನಿ. ಈ ಮೇಡಂ ಹೇಳ್ಕೊಟ್ಟ ಮೇಲೆ ಗುಳ್ಳೆ ನಿಂತೋಗವೆ. ನೀವು ಕೇಳಕ್ಕೆ ನಾಚ್ಕೊಂಡ್ರೆ ನಾನೇ ಕೇಳ್ತೀನಿ. ಥ್ರೆಡಿಂಗ್ ಮಾಡೋರು ದಾರನ ಬಾಯಲ್ಲಿ ಕಚ್ಕೊತಾರಲ್ಲ ಮೇಡಂ, ಅದು ಸರಿಯಾ?"

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಜೂನಿನಲ್ಲಿ ನನ್ನ ಕಡೆ ನೋಡಿ ನಕ್ಕಂಥ ನಗುವಲ್ಲ. ಡಾಕ್ಟರೂ ನಕ್ಕು, ಅದು ಸರಿಯಲ್ಲ, ಹೊಸ ದಾರ ಬಳಸಬೇಕು, ಅದರ ತುದಿಯನ್ನು ಬಾಯಲ್ಲಿ ಕಚ್ಚದೆ ಕುತ್ತಿಗೆಗೆ ಕಟ್ಟಿಕೊಳ್ಳಲಿ ಅಂತ ಕೇಳಿ ಎಂದರು. ಅಲ್ಲಿಂದ ಕೈಗಳು ಒಂದೊಂದಾಗಿ ಎದ್ದವು. ಎದೆಯ ಮೇಲೆ ಒಂದೆರಡು ಬಂದರೆ ಏನು ಮಾಡಬೇಕು, ಕಂಕುಳಲ್ಲಿ ತೆಗೆಯದೇ ಇದ್ದರೆ ಕೊಳಕಾ, ಹೊಟ್ಟೆಯ ಮೇಲೆ ಇದ್ದರೆ ಮಕ್ಕಳಾಗುವುದಿಲ್ಲವಾ. ತೆಗೆಯದೇ ಇದ್ದರೂ ಕೊಳಕಲ್ಲ, ತೊಳೆದರೆ ಸಾಕು ಅಂತ ಡಾಕ್ಟರು ಹೇಳಿದಾಗ ಒಬ್ಬಳು ಫಸ್ಟ್ ಪಿಯು ಹುಡುಗಿ ಉಸ್ಸಂತ ಉಸಿರು ಬಿಟ್ಟಳು. ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ ಅರ್ಪಿತ ನಾಲ್ಕು ಪ್ರಶ್ನೆ ಕೇಳಿದಳು.

ಬಸ್ಸಿನ ಹೊತ್ತಾಯಿತು ಅಂತ ನೀನು ಓಡಿದೆ, ಹೇಳಲು ಆಗಲಿಲ್ಲ. ನಿನ್ನ ಮಗಳು ಅಂತ ಹೇಳಿಕೊಳ್ಳಲು ನನಗೆ ಬಹಳ ಹೆಮ್ಮೆಯಾಯಿತು.

ಒಂದು ತೀರ್ಮಾನ ಮಾಡಿದ್ದೇನೆ. ಮೇಲ್ತುಟಿಯದ್ದನ್ನು ತೆಗೆಯುತ್ತೇನೆ. ಅರ್ಪಿತ ಅಂದದ್ದಕ್ಕಲ್ಲ, ನನಗೆ ಬೇಡ ಅನ್ನಿಸುತ್ತದೆ, ಅದಕ್ಕೆ. ಚರ್ಮ ಪೂರ್ತಿ ಮಾಗಿದೆ, ಇನ್ನು ಸಣ್ಣ ರೇಜರಿನಲ್ಲಿ ಮೆತ್ತಗೆ ತೆಗೆದುಕೊಳ್ಳಬಹುದು ಅಂತ ಡಾಕ್ಟರು ನೋಡಿ ಹೇಳಿದರು. ಕೈಕಾಲಿನದ್ದು ಇರಲಿ. ಅಂಕಣದಲ್ಲಿ ದಿನಾ ಬಿದ್ದು ಚರ್ಮ ತರಚುತ್ತದೆ. ಆಗಷ್ಟೇ ಶೇವ್ ಮಾಡಿದ ಕಾಲಿಗೆ ಮಣ್ಣು ಮೆತ್ತಿದರೆ ಕೀವು ಗುಳ್ಳೆ ಏಳಬಹುದಂತೆ. ಆಟ ಮುಗಿದ ಮೇಲೆ ತೆಗೆಯಬೇಕು ಅನ್ನಿಸಿದರೆ ತೆಗೆಯುತ್ತೇನೆ. ಅನ್ನಿಸದಿದ್ದರೆ ಇಲ್ಲ.

ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಯ ಪಂದ್ಯ ಪಾಂಡವಪುರದಲ್ಲಿ.

ಶ್ವೇತ


ಗೋವಿಂದನಹಳ್ಳಿ
12 ನವೆಂಬರ್ 2024

ಶ್ವೇತ,

ಪಾಂಡವಪುರದಿಂದ ಬಂದಾಗಿನಿಂದ ನನ್ನ ಗಂಟಲು ಕಟ್ಟಿದೆ. ಡೈರಿಯಲ್ಲಿ ಸನ್ನೆ ಮಾಡಿ ಹಾಲು ಅಳೆಯುತ್ತಿದ್ದೇನೆ. ಕಾರಣ ನೀನೇ.

ನೀನು ಆಡುವಾಗ ನಮ್ಮ ಕಡೆ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ನಾನು, ನಿಮ್ಮಪ್ಪ, ಅಜ್ಜಿ ಮೂವರೂ ಗೆರೆಯ ಪಕ್ಕದಲ್ಲೇ ಕೂತಿದ್ದೆವು. ಶ್ರೀರಂಗಪಟ್ಟಣದ ಟೀಮಿನ ಮೇಲೆ ಸೆಮಿಫೈನಲು. ನೀನು ಮೊದಲನೇ ಸಲ ರೈಡಿಗೆ ಹೊರಟಾಗ ನಮ್ಮ ಹಿಂದೆ ನಿಂತಿದ್ದ ಒಬ್ಬ ಹುಡುಗ, "ಕಾಲು ನೋಡ್ಲಾ, ಕರಡಿ ಬಂತು" ಅಂದ. ಅವನ ಜೊತೆಯವರು ಹಲ್ಲು ಕಿರಿದರು. ನಿಮ್ಮಪ್ಪನ ಕೈ ಮುಷ್ಟಿಯಾಯಿತು. ನಾನು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದು ಜಗ್ಗಿದರು.

"ಕೂತ್ಕೊ ಅಣ್ಣಮ್ಮ. ಅವ್ಳೂ ಕೇಳುಸ್ಕೊಂಡವ್ಳೆ, ನೋಡು."

ನೋಡಿದೆ. ನೀನು ಆ ಹುಡುಗನ ಕಡೆ ತಿರುಗಿ, ಒಂದು ಸಲ ನಿನ್ನ ಕಾಲು ನೋಡಿಕೊಂಡು, ತೊಡೆ ತಟ್ಟಿದೆ. ಕಬಡ್ಡಿ ಕಬಡ್ಡಿ ಅನ್ನುತ್ತಾ ಒಳಗೆ ಹೋದವಳ ಕಾಲನ್ನು ಇಬ್ಬರು ಹುಡುಗಿಯರು ಹಿಡಿದರು, ಮೂರನೆಯವಳು ಸೊಂಟಕ್ಕೆ ಬಿದ್ದಳು. ಮುಗಿಯಿತು ಅಂದುಕೊಂಡೆ. ನೀನು ಆ ಮೂವರನ್ನೂ ಎಳೆದುಕೊಂಡು, ಎದೆಯ ಮೇಲೆ ತೆವಳಿ, ಬೆರಳ ತುದಿಯಲ್ಲಿ ಗೆರೆ ಮುಟ್ಟಿದೆ. ಆಮೇಲೆ ಆ ಹುಡುಗರು ಏನಂದರೋ ಗೊತ್ತಿಲ್ಲ. ನನ್ನ ಕಿರುಚಾಟದಲ್ಲಿ ಬೇರೆ ಯಾರ ಮಾತೂ ಕೇಳಿಸಲಿಲ್ಲ.

ಫೈನಲಿನಲ್ಲಿ ಸೋತಿರಿ. ಅರ್ಪಿತ ಗಳಗಳ ಅತ್ತಳು, ನೀನು ಅವಳ ಬೆನ್ನು ಸವರುತ್ತಿದ್ದೆ. ಜಿಲ್ಲಾ ತಂಡಕ್ಕೆ ನಿನ್ನ ಹೆಸರು ಕೂಗಿದಾಗ ನಿಮ್ಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರು ಅಂದರು. ನವೆಂಬರಿನ ಸಂಜೆ, ಎಲ್ಲಿಯ ಬೆವರು!

ಈಗ ಒಂದು ಕೆಲಸ ಹೇಳುತ್ತೇನೆ. ಮುಂದಿನ ಭಾನುವಾರ ಬರುತ್ತೇನೆ. ನೀನು ಹೊರಗೆ ಬರಲು ವನಮಾಲಾ ಮೇಡಂ ಹತ್ತಿರ ಅನುಮತಿ ಕೇಳಿಟ್ಟುಕೊ. ಡಾಕ್ಟರ ಕ್ಲಿನಿಕ್ಕಿನ ಬೀದಿಯಲ್ಲೇ ಒಂದು ಪಾರ್ಲರಿದೆ, ಹೋದ ಸಲ ಬಂದಾಗ ಒಳಗೆ ಹೋಗಿ ವಿಚಾರಿಸಿದ್ದೇನೆ. ಹೊಸ ದಾರ ಹಾಕುತ್ತಾರೆ, ಕುತ್ತಿಗೆಗೇ ಕಟ್ಟಿಕೊಳ್ಳುತ್ತಾರೆ, ಕೈ ತೊಳೆದೇ ಮುಟ್ಟುತ್ತಾರೆ. ನನ್ನ ರೇಜರು ಸರಿಯಾಗೇ ಇದೆ. ಆದರೂ ಒಂದು ಸಲ ಹಗಲು ಹೊತ್ತಿನಲ್ಲಿ, ಕುರ್ಚಿಯ ಮೇಲೆ ಆರಾಮಾಗಿ ಕೂತು, ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳಬೇಕು ಅಂತ ಆಸೆ.

ದಾರ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತದಂತೆ. ಇಬ್ಬರನ್ನು ಹೆತ್ತವಳು ನಾನು, ಆದರೂ ಒಂಚೂರು ಹೆದರಿಕೆ. ನೀನು ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊ. ಕೂಗಿಕೊಂಡರೆ ನಗಬೇಡ.

ನಿನ್ನ
ಅಮ್ಮ